ಯುಜಿ ಫಿಲ್ಟರ್ ಇದ್ದರೆ ಗಿಡ ಬರಲ್ವಾ?

ಪ್ರಶ್ನೆ: ಸರ್, ನಮ್ಮದು ದಾವಣಗೆರೆ. ಮಗಳ ಹಟಕ್ಕೆ ಎರಡು ವರ್ಷದ ಹಿಂದೆ ಅಕ್ವೇರಿಯಂ ತಂದೆವು. 2 ಅಡಿ ಉದ್ದ, 1 ಅಡಿ ಅಗಲ, 15 ಇಂಚು ಎತ್ತರ. ತಳದಲ್ಲಿ ಯುಜಿ (ಅಂಡರ್ ಗ್ರಾವೆಲ್, ಅಂದರೆ ಕಲ್ಲಿನ ಅಡಿಯ) ಫಿಲ್ಟರ್ ಪ್ಲೇಟ್, ಅದರ ಮೇಲೆ ಒಂದು ಇಂಚು ಬಣ್ಣದ ಕಲ್ಲು, ಒಂದು ಏರ್ ಪಂಪ್. ಆರು ಗಪ್ಪಿ, ನಾಲ್ಕು ಮೋಲಿ, ಎರಡು ಗೋಲ್ಡ್ ಫಿಶ್ ಇವೆ. ಬೋರ್‌ವೆಲ್ ನೀರು. ತಿಂಗಳಿಗೊಮ್ಮೆ ಎಲ್ಲ ತೆಗೆದು, ಕಲ್ಲು, ಪ್ಲೇಟ್ ಎರಡನ್ನೂ ಚೆನ್ನಾಗಿ ತೊಳೆದು ಹೊಸ ನೀರು ತುಂಬುತ್ತೇನೆ. ಪ್ಲಾಸ್ಟಿಕ್ ಗಿಡ ಬೇಡ, ನಿಜವಾದ ಗಿಡವೇ ಬೇಕು ಅಂತ ಈಗ ಮಗಳ ವರಾತ. ಮೂರು ಸಲ ತಂದೆ. ಬಿಳಿ ಪಟ್ಟೆಯ ಹುಲ್ಲು, ನೇರಳೆ ಎಲೆಯ ಒಂದು ಗಿಡ, ರಿಬ್ಬನ್ ಥರ ಉದ್ದ ಎಲೆಯ ಇನ್ನೊಂದು. ಯಾವುದೂ ಮೂರು ವಾರ ದಾಟಲಿಲ್ಲ. "ಯುಜಿ ಇದ್ರೆ ಗಿಡ ಬರಲ್ಲ, ಅದನ್ನ ಕಿತ್ತು ಸಾಯಿಲ್ (ಪ್ಯಾಕೆಟ್ ಮಣ್ಣು) ಹಾಕಿ, ಸಿಓಟೂ (ಇಂಗಾಲದ ಡೈಆಕ್ಸೈಡ್) ಸಿಲಿಂಡರ್ ಇಡಿ" ಅಂತ ಅಂಗಡಿಯವರು ಹೇಳುತ್ತಾರೆ. ಲೆಕ್ಕ ಹಾಕಿದರೆ ಟ್ಯಾಂಕಿನ ಬೆಲೆಗಿಂತ ಜಾಸ್ತಿ ಆಗುತ್ತದೆ. ಬೇರೆ ದಾರಿ ಇಲ್ವಾ?

ಉತ್ತರ: ದಾರಿ ಇದೆ, ಖರ್ಚೂ ಕಮ್ಮಿ. ಪ್ಲೇಟ್ ಕೀಳಬೇಡಿ.

ನಿಮ್ಮ ಪತ್ರ ಓದುವಾಗ ನಾನು ತಡೆದು ನಿಂತದ್ದು "ತಿಂಗಳಿಗೊಮ್ಮೆ ಎಲ್ಲ ತೆಗೆದು ತೊಳೆದು" ಅನ್ನುವ ಕಡೆ. ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಡೆ ಬಹಳ ಮನೆಗಳಲ್ಲಿ ಅಕ್ವೇರಿಯಂ ಅಂದರೆ ಹಬ್ಬದ ಪಾತ್ರೆಯ ಹಾಗೆ ತಿಕ್ಕಿ ಬೆಳಗುವ ಸಾಮಾನು. ನಾನೂ ಮೊದಲ ಎರಡು ವರ್ಷ ಹಾಗೇ ಮಾಡಿದವನು. ಮೀನು ಹೇಗೋ ಬದುಕಿಕೊಳ್ಳುತ್ತವೆ. ಗಿಡ ಬದುಕುವುದಿಲ್ಲ.

ಯಾಕೆ ಅಂತ ತಿಳಿಯಬೇಕಾದರೆ ಆ ಪ್ಲೇಟ್ ಏನು ಮಾಡುತ್ತದೆ ಎಂದು ನೋಡಬೇಕು. ಏರ್ ಪಂಪಿನ ಗಾಳಿ ಮೂಲೆಯ ಕೊಳವೆಯಲ್ಲಿ ಗುಳ್ಳೆಯಾಗಿ ಏರುತ್ತದೆ. ಏರುವಾಗ ಪ್ಲೇಟಿನ ಅಡಿಯ ನೀರನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಆ ಜಾಗ ತುಂಬಲು ಮೇಲಿನ ನೀರು ಕಲ್ಲಿನ ಸಂದಿಯಲ್ಲಿ ನಿಧಾನವಾಗಿ ಇಳಿಯುತ್ತದೆ. ಹಾಗೆ ಇಳಿಯುವ ನೀರಿನಲ್ಲಿ ಆಮ್ಲಜನಕ ಇರುವುದರಿಂದ ಪ್ರತಿ ಕಲ್ಲಿನ ಮೈಮೇಲೂ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಒಂದು ಬಗೆಯವು ನೈಟ್ರೈಟ್ ಮಾಡುತ್ತವೆ. ಅದನ್ನು ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ಮೊದಲ ಎರಡು ಮೀನಿಗೆ ವಿಷ. ಮೂರನೆಯದು ಅಷ್ಟು ಕೆಟ್ಟದ್ದಲ್ಲ, ಗಿಡಕ್ಕಂತೂ ಊಟವೇ. ಅಂದರೆ ನಿಮ್ಮ ಫಿಲ್ಟರ್ ಇರುವುದು ಕಲ್ಲಿನ ರಾಶಿಯಲ್ಲಿ. ಪ್ಲೇಟ್ ಬರೀ ಅದನ್ನು ಹೊತ್ತು ನಿಂತ ಹಲಗೆ. ಈ ಬ್ಯಾಕ್ಟೀರಿಯಾ ಬೆಳೆಯುವುದು ನಿಧಾನ. ಹೊಸ ಟ್ಯಾಂಕಿನಲ್ಲಿ ನಾಲ್ಕರಿಂದ ಆರು ವಾರ ಬೇಕು. ನೀವು ನಾಲ್ಕನೇ ವಾರಕ್ಕೆ ಕಲ್ಲನ್ನು ಬಕೆಟ್ಟಿಗೆ ಸುರಿದು ಉಜ್ಜುತ್ತೀರಿ. ಎರಡು ವರ್ಷದಿಂದ ನಿಮ್ಮ ಟ್ಯಾಂಕ್ ಒಂದನೇ ತಿಂಗಳಲ್ಲೇ ಇದೆ.

ಗಿಡದ ಕಡೆಯಿಂದ ನೋಡಿದರೆ ಇನ್ನೂ ಕಷ್ಟ. ಕಿತ್ತು ನೆಟ್ಟ ಗಿಡ ಹೊಸ ಬೇರು ಬಿಡಲು ಎರಡು ಮೂರು ವಾರ ತೆಗೆದುಕೊಳ್ಳುತ್ತದೆ. ಬೇರು ಹಿಡಿಯುವ ಹೊತ್ತಿಗೆ ನಿಮ್ಮ ತೊಳೆಯುವ ದಿನ ಬಂದಿರುತ್ತದೆ. ಜೊತೆಗೆ ಕಲ್ಲಿನ ನಡುವೆ ಸೇರುವ ಕಂದು ಗಸಿಯನ್ನೂ ಚರಂಡಿಗೆ ಚೆಲ್ಲುತ್ತೀರಿ. ಮೀನಿನ ಹಿಕ್ಕೆ, ಉಳಿದ ತಿಂಡಿ, ಕೊಳೆತ ಎಲೆ ಎಲ್ಲ ಸೇರಿ ಆಗುವ ಆ ಗಸಿಯೇ ಯುಜಿ ಟ್ಯಾಂಕಿನ ಗೊಬ್ಬರ. ಪ್ಲೇಟ್ ಅದನ್ನು ಸರಿಯಾಗಿ ಬೇರಿನ ಜಾಗಕ್ಕೇ ಎಳೆದು ತರುತ್ತದೆ. ಕಾಸಿಲ್ಲದೆ ಮನೆಬಾಗಿಲಿಗೆ ಬರುವ ಗೊಬ್ಬರವನ್ನು ಎಸೆದು ಪ್ಯಾಕೆಟ್ ಮಣ್ಣಿಗೆ ದುಡ್ಡು ಕೊಡುವ ಮಾತು ಇದು.

ನನ್ನ ಹಳೆಯ ಮೂರಡಿ ಟ್ಯಾಂಕಿನಲ್ಲಿ ಯುಜಿ ಪ್ಲೇಟ್ ಮೇಲೆ ಅಮೆಜಾನ್ ಸೋರ್ಡ್ ಅನ್ನುವ ಒಂದು ಗಿಡ ಇತ್ತು. ನೆಟ್ಟು ಎರಡು ವರ್ಷದ ಮೇಲಾಗಿತ್ತು. ಮನೆ ಬದಲಿಸುವಾಗ ಕೀಳಲು ಹೋದೆ. ಬುಡ ಹಿಡಿದು ಎಳೆದರೆ ಗಿಡದ ಜೊತೆ ಪ್ಲೇಟೂ ಎದ್ದು ಬಂತು. ಬೇರು ಪ್ಲೇಟಿನ ಸೀಳುಗಳಲ್ಲಿ ನುಗ್ಗಿ, ಅಡಿಯಲ್ಲಿ ಹಾಸಿಕೊಂಡು ಬೆಳೆದಿತ್ತು. ಬೆಳ್ಳಗೆ, ಗಟ್ಟಿಯಾಗಿ, ಬೇಯಿಸಿದ ಶ್ಯಾವಿಗೆ ಹರಡಿದ ಹಾಗೆ. ಕೊನೆಗೆ ಬ್ಲೇಡಿನಲ್ಲಿ ಕೊಯ್ದು ಬಿಡಿಸಬೇಕಾಯಿತು. ಯುಜಿಯಲ್ಲಿ ಬೇರು ಬರಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಆ ಶ್ಯಾವಿಗೆ ನೆನಪಾಗುತ್ತದೆ.

ಹಾಗಂತ ಅಂಗಡಿಯವರು ಪೂರ್ತಿ ಸುಳ್ಳು ಹೇಳಿದರು ಅಂತಲ್ಲ. ಅವರ ಮಾತಿನಲ್ಲಿ ನಿಜವೂ ಇದೆ. ಬೇರಿನ ಸುತ್ತ ನೀರು ಹರಿಯುತ್ತಲೇ ಇದ್ದರೆ ಅಲ್ಲಿ ಹಾಕಿದ ಗೊಬ್ಬರ ನಿಲ್ಲುವುದಿಲ್ಲ, ಮೇಲಿನ ನೀರಿಗೆ ಸೇರುತ್ತದೆ. ಪುಡಿ ಮಣ್ಣು ಹಾಕಿದರೆ ಸೀಳಿನಲ್ಲಿ ಇಳಿದು ಪ್ಲೇಟಿನ ಅಡಿ ಕೆಸರಾಗುತ್ತದೆ. ಕಬ್ಬಿಣದ ಕಥೆ ಇನ್ನೊಂದು. ಗಾಳಿಯಾಡದ ಕೆಸರಿನಲ್ಲಿ ಕಬ್ಬಿಣ ನೀರಿನಲ್ಲಿ ಕರಗುವ ರೂಪದಲ್ಲಿ ಇರುತ್ತದೆ, ಬೇರು ಅದನ್ನು ಸುಲಭವಾಗಿ ಹೀರುತ್ತದೆ. ಆಮ್ಲಜನಕ ಹರಿದಾಡುವ ಜಲ್ಲಿಯಲ್ಲಿ ಅದೇ ಕಬ್ಬಿಣ ತುಕ್ಕಾಗಿ ಕೂರುತ್ತದೆ. ಇನ್ನು ಗುಳ್ಳೆಗಳು ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕುತ್ತವೆ. ಹೊರಗಿನ ಗಾಳಿಯ ಜೊತೆ ಸಮವಾದಾಗ ಲೀಟರಿಗೆ ಹೆಚ್ಚುಕಮ್ಮಿ ಅರ್ಧ ಮಿಲಿಗ್ರಾಂ ಮಾತ್ರ ಉಳಿಯುತ್ತದೆ. ಯುಜಿ ಟ್ಯಾಂಕಿಗೆ ಸಿಲಿಂಡರ್ ಜೋಡಿಸಿದರೆ ನೀವು ಒಳಗೆ ಬಿಟ್ಟ ಅನಿಲವನ್ನು ಗುಳ್ಳೆಗಳೇ ಕಿಟಕಿಯಿಂದ ಆಚೆ ಕಳಿಸುತ್ತವೆ. ಆ ದುಡ್ಡು ಸುಮ್ನೆ ದಂಡ.

ಇವೆಲ್ಲ ಗಿಡದ ಆಯ್ಕೆಗೆ, ನೆಡುವ ರೀತಿಗೆ ಸಂಬಂಧಪಟ್ಟ ತೊಂದರೆಗಳು. ಗಿಡ ಬರುವುದೇ ಇಲ್ಲ ಅನ್ನುವುದಕ್ಕೆ ಇವು ಸಾಲವು. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಕ್ರಿಪ್ಟೋಕೊರೈನ್ ರೆಟ್ರೋಸ್ಪೈರಾಲಿಸ್ ಅನ್ನುವ ಗಿಡ ಕಲ್ಲು ಜಲ್ಲಿಯ ನಡುವೆ ಬೇರು ಬಿಟ್ಟು ನಿಂತಿರುತ್ತದೆ. ಮಳೆಗಾಲದಲ್ಲಿ ಅದರ ಮೇಲೆ ಪ್ರವಾಹವೇ ಹೋಗುತ್ತದೆ, ಜಲ್ಲಿಯ ಒಳಗೂ ನೀರು ಹರಿಯುತ್ತದೆ. ಅದರ ಮುಂದೆ ನಿಮ್ಮ ಏರ್ ಪಂಪಿನ ಸೆಳೆತ ಯಾವ ಲೆಕ್ಕ? (ಹಾಗಂತ ಹೊಳೆಯಿಂದ ಕಿತ್ತು ತರಬೇಡಿ. ಅಂಗಡಿಯಲ್ಲಿ ಇದರ ಬಳಗದ ಸಾಕಿದ ಗಿಡಗಳು ಬೇಕಾದಷ್ಟು ಸಿಗುತ್ತವೆ.)

ಈಗ ನೀವು ತಂದ ಗಿಡಗಳ ವಿಚಾರಕ್ಕೆ ಬರುತ್ತೇನೆ. ಬಿಳಿ ಪಟ್ಟೆಯ ಹುಲ್ಲು, ನೇರಳೆ ಎಲೆಯ ಗಿಡ ಅಂದಿರಿ. ಫೋಟೋ ಇಲ್ಲ, ಆದರೂ ನೂರಕ್ಕೆ ತೊಂಬತ್ತು ಪಾಲು ಅವು ನೀರಿನ ಗಿಡಗಳೇ ಅಲ್ಲ. ಕುಂಡದಲ್ಲಿ ಬೆಳೆಸುವ ಅಲಂಕಾರದ ಗಿಡಗಳನ್ನು ನೀರಲ್ಲಿ ಮುಳುಗಿಸಿ ಮಾರುವುದು ಹಳೆಯ ಚಾಳಿ. ಲಕ್ಕಿ ಬ್ಯಾಂಬೂ, ಸಿಂಗೋನಿಯಂ, ಪೀಸ್ ಲಿಲಿ ಕೂಡ ಹೀಗೆ ಬರುತ್ತವೆ. ಎರಡು ಮೂರು ವಾರ ಉಸಿರು ಬಿಗಿಹಿಡಿದು ಆಮೇಲೆ ಕೊಳೆಯುತ್ತವೆ. ಸಾಯಿಲ್ ಹಾಕಿದರೂ ಅಷ್ಟೇ, ಸಿಲಿಂಡರ್ ಇಟ್ಟರೂ ಅಷ್ಟೇ. ಗುರುತು ಹಿಡಿಯಲು ಒಂದು ಸುಲಭದ ದಾರಿ ಇದೆ. ಗಿಡವನ್ನು ನೀರಿನಿಂದ ಮೇಲೆತ್ತಿ. ಎಲೆ, ಕಾಂಡ ಗಟ್ಟಿಯಾಗಿ ನೆಟ್ಟಗೆ ನಿಂತು, ಎಲೆ ಮೇಲಿನ ನೀರು ಮುತ್ತಿನ ಹಾಗೆ ಉರುಳಿ ಹೋದರೆ ಅನುಮಾನ ಪಡಿ. ನೀರೊಳಗೇ ಬೆಳೆದ ಗಿಡ ಮೇಲೆತ್ತಿದ ತಕ್ಷಣ ಒದ್ದೆ ಬಟ್ಟೆಯ ಹಾಗೆ ಜೋತು ಬೀಳುತ್ತದೆ. ಇದಕ್ಕೆ ಅಪವಾದಗಳಿವೆ. ಅನುಬಿಯಾಸ್ ಗಟ್ಟಿ ಎಲೆಯದ್ದೇ. ನರ್ಸರಿಯವರು ಕೆಲವು ನಿಜವಾದ ನೀರಿನ ಗಿಡಗಳನ್ನೂ ನೀರಿನ ಮೇಲೆ ಬೆಳೆಸಿ ಕಳಿಸುತ್ತಾರೆ. ಹಾಗಾಗಿ ಹೆಸರು ಕೇಳಿಯೇ ಕೊಳ್ಳಿ. ಹೆಸರು ಗೊತ್ತಿಲ್ಲ ಅಂದರೆ ಬಿಟ್ಟು ಬನ್ನಿ.

ರಿಬ್ಬನ್ ಥರದ್ದು ವ್ಯಾಲಿಸ್ನೇರಿಯಾ ಇರಬೇಕು. ಅಂಗಡಿಯಲ್ಲಿ "ವ್ಯಾಲ್" ಅಂತಾರೆ. ಅದು ಒಳ್ಳೆಯ ಗಿಡ, ನಿಮ್ಮ ನೀರಿಗೆ ಹೇಳಿ ಮಾಡಿಸಿದ್ದು. ಅದನ್ನು ಕೊಂದದ್ದು ತೊಳೆಯುವ ದಿನ ಇಲ್ಲವೇ ಗೋಲ್ಡ್ ಫಿಶ್. ಗೋಲ್ಡ್ ಫಿಶ್ ಎಳೆ ಎಲೆ ತಿನ್ನುತ್ತದೆ, ತಿನ್ನದ್ದನ್ನು ಕಿತ್ತು ತೇಲಿಸುತ್ತದೆ, ದಿನವಿಡೀ ಕಲ್ಲು ಕೆದಕುತ್ತದೆ. ದೊಡ್ಡದಾದ ಮೇಲೆ ಎರಡಡಿ ಟ್ಯಾಂಕ್ ಅದಕ್ಕೆ ಸಾಲುವುದೂ ಇಲ್ಲ. ಸಿಮೆಂಟ್ ತೊಟ್ಟಿ ಇರುವ ಗೆಳೆಯರಿಗೆ ಕೊಟ್ಟುಬಿಡಿ. ಮಗಳಿಗೆ ಬೇಸರವಾಗಬಹುದು, ಅದನ್ನು ನೀವೇ ನಿಭಾಯಿಸಬೇಕು! ಗಪ್ಪಿ, ಮೋಲಿ ಇರಲಿ. ಮೋಲಿಗೆ ಗಡಸು ನೀರು ಇಷ್ಟ, ಮೇಲಾಗಿ ಎಲೆಯ ಮೇಲಿನ ಪಾಚಿಯನ್ನೂ ಕೆರೆದು ತಿನ್ನುತ್ತದೆ.

ಇನ್ನು ಕಲ್ಲು. ಇಡೀ ಕೆಲಸದ ಜೀವ ಇಲ್ಲಿದೆ, ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಒಂದು ಇಂಚು ಬಣ್ಣದ ಕಲ್ಲಿನಲ್ಲಿ ಬೇರಿಗೆ ನಿಲ್ಲಲು ಜಾಗ ಇಲ್ಲ, ಬ್ಯಾಕ್ಟೀರಿಯಾಕ್ಕೂ ಸಾಲದು. ಎರಡೂವರೆಯಿಂದ ಮೂರು ಇಂಚು ಬೇಕು. ಕಾಳಿನ ಗಾತ್ರ ಸಾಸಿವೆಗಿಂತ ದೊಡ್ಡದು, ಹೆಸರುಕಾಳಿಗಿಂತ ಚಿಕ್ಕದು ಇರಲಿ. ಅಂದರೆ ಸುಮಾರು 2ರಿಂದ 4 ಮಿಲಿಮೀಟರ್. ಇದಕ್ಕಿಂತ ಸಣ್ಣದಾದರೆ ಸೀಳಿನಲ್ಲಿ ಇಳಿಯುತ್ತದೆ, ನೀರೂ ಕಟ್ಟುತ್ತದೆ. ದೊಡ್ಡದಾದರೆ ತಿಂಡಿ ಸಂದಿಗೆ ಬಿದ್ದು ಕೊಳೆಯುತ್ತದೆ, ಬೇರಿಗೆ ಹಿಡಿತ ಸಿಗುವುದಿಲ್ಲ. ನಿಮ್ಮ ಟ್ಯಾಂಕಿನ ಅಳತೆಗೆ ಎರಡೂವರೆ ಇಂಚು ತುಂಬಲು ಹೆಚ್ಚುಕಮ್ಮಿ 18 ಕೆಜಿ ಬೇಕಾಗುತ್ತದೆ.

ಅಂಗಡಿಯ ಪ್ಯಾಕೆಟ್ಟೇ ಆಗಬೇಕೆಂದಿಲ್ಲ. ಪಕ್ಕದಲ್ಲಿ ಎಲ್ಲಾದರೂ ಮನೆ ಕಟ್ಟುತ್ತಿದ್ದಾರಾ ನೋಡಿ. ಗಾರೆಯವರು ಪ್ಲಾಸ್ಟರಿಂಗ್‌ಗೆ ನದಿ ಮರಳು ಜರಡಿ ಹಿಡಿದು, ಮೇಲೆ ಉಳಿದ ದಪ್ಪ ಹರಳನ್ನು ಪಕ್ಕಕ್ಕೆ ಚೆಲ್ಲಿರುತ್ತಾರೆ. ನಿಮಗೆ ಬೇಕಾದ್ದು ಅದೇ. ಕೇಳಿದರೆ ಸುಮ್ನೆ ಕೊಡುತ್ತಾರೆ. ಮನೆಯಲ್ಲಿ ಇನ್ನೊಮ್ಮೆ ಜರಡಿ ಹಿಡಿದು ತೀರಾ ದಪ್ಪದ್ದನ್ನು ಆರಿಸಿ ತೆಗೆಯಿರಿ. ಎಂ-ಸ್ಯಾಂಡ್ ಬೇಡ, ಪುಡಿ ಜಾಸ್ತಿ, ಅಂಚೂ ಚೂಪು. ನದಿ ಮರಳಿನಲ್ಲಿ ಬಸವನಹುಳುವಿನ ಚಿಪ್ಪು ಇರಬಹುದು. ಒಂದು ಹಿಡಿ ಲೋಟಕ್ಕೆ ಹಾಕಿ ವಿನೆಗರ್ ಸುರಿಯಿರಿ. ನೊರೆ ಎದ್ದರೆ ಸುಣ್ಣದ ಅಂಶ ಇದೆ ಎಂದರ್ಥ. ನಿಮ್ಮ ನೀರು ಮೊದಲೇ ಗಡಸು, ಇನ್ನಷ್ಟು ಸುಣ್ಣ ಬೇಡ. ಆಮೇಲೆ ನೀರು ತಿಳಿಯಾಗುವವರೆಗೆ ತೊಳೆಯಿರಿ. ಚೆನ್ನಾಗಿ ತೊಳೆಯಿರಿ, ಏಕೆಂದರೆ ಈ ಜಲ್ಲಿಗೆ ಇದೇ ಕೊನೆಯ ಸ್ನಾನ.

ಜೋಡಿಸುವ ದಿನ ಮೀನುಗಳನ್ನು ಟ್ಯಾಂಕಿನ ನೀರಿನಲ್ಲೇ ಬಕೆಟ್ಟಿನಲ್ಲಿಟ್ಟು ಏರ್ ಸ್ಟೋನ್ ಬಿಡಿ. ಹಳೆಯ ಬಣ್ಣದ ಕಲ್ಲಿನಲ್ಲಿ ಎರಡು ಹಿಡಿಯನ್ನು ತೊಳೆಯದೆ ನೈಲಾನ್ ಬಟ್ಟೆಯಲ್ಲಿ ಗಂಟು ಕಟ್ಟಿ ಹೊಸ ಜಲ್ಲಿಯ ಮೇಲೆ ಒಂದು ತಿಂಗಳು ಇಡಿ. ಇದ್ದಷ್ಟು ಬ್ಯಾಕ್ಟೀರಿಯಾ ಹೊಸ ಮನೆಗೆ ಬರಲಿ. ಮೊದಲ ತಿಂಗಳು ತಿಂಡಿ ಅರ್ಧಕ್ಕೆ ಇಳಿಸಿ. ವಾರಕ್ಕೆ ಎರಡು ಸಲ ಕಾಲು ಭಾಗ ನೀರು ಬದಲಿಸಿ. ಆಮೇಲೆ ವಾರಕ್ಕೊಮ್ಮೆ ಸಾಕು. ಪೈಪ್ ಹಾಕಿ ನೀರು ಎಳೆಯುವಾಗ ಜಲ್ಲಿಯ ಮೇಲ್ಮೈಯಲ್ಲಿ ಕಾಣುವ ಕಸ ಮಾತ್ರ ತೆಗೆಯಿರಿ. ಗಿಡದ ಬುಡದ ಸುತ್ತ ಪೈಪ್ ಒತ್ತಬೇಡಿ.

"ಹಾಗಾದರೆ ಪ್ಲೇಟಿನ ಅಡಿಯ ಗಸಿ?" ಅಂತ ಕೇಳುತ್ತೀರಿ. ಅದಕ್ಕೊಂದು ಉಪಾಯ ಇದೆ, ಬಹಳ ಜನ ಮಾಡುವುದಿಲ್ಲ. ಆರು ತಿಂಗಳಿಗೊಮ್ಮೆ ಗಾಳಿ ನಿಲ್ಲಿಸಿ, ಮೂಲೆಯ ಕೊಳವೆಯೊಳಗಿನ ಏರ್ ಸ್ಟೋನ್ ಹೊರತೆಗೆಯಿರಿ. ಅದೇ ಕೊಳವೆಯಲ್ಲಿ ಸಣ್ಣ ಪೈಪನ್ನು ಪ್ಲೇಟಿನ ಅಡಿಯವರೆಗೆ ಇಳಿಸಿ ನೀರು ಎಳೆಯಿರಿ. ಮೊದಲ ಒಂದೆರಡು ಬಕೆಟ್ ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಬರುತ್ತದೆ. ಆ ನೀರನ್ನು ತುಳಸಿಗೋ ಕರಿಬೇವಿಗೋ ಹಾಕಿ, ವ್ಯತ್ಯಾಸ ನೀವೇ ನೋಡುತ್ತೀರಿ. ಜಲ್ಲಿಯನ್ನು ಮುಟ್ಟುವ ಅಗತ್ಯವೇ ಬೀಳಲ್ಲ.

ಗಾಳಿ ಎಷ್ಟು ಬಿಡಬೇಕು? ಈಗ ನಿಮ್ಮ ಟ್ಯಾಂಕಿನಲ್ಲಿ ನೀರು ಕುದಿಯುವ ಹಾಗೆ ಗುಳ್ಳೆ ಬರುತ್ತಿರಬಹುದು, ನೋಡಲು ಚೆಂದ ಅಂತ ಎಲ್ಲರೂ ಹಾಗೇ ಬಿಡುತ್ತಾರೆ. ನಾಲ್ಕಾಣೆಯ ಪ್ಲಾಸ್ಟಿಕ್ ವಾಲ್ವ್ ಹಾಕಿ ಅರ್ಧಕ್ಕೆ ಇಳಿಸಿ. ಕೊಳವೆಯ ಬಾಯಲ್ಲಿ ನೀರು ನಿಧಾನವಾಗಿ ಉಕ್ಕಿ ಬೀಳಬೇಕು, ಚಿಮ್ಮಬಾರದು. ಎಷ್ಟು ನಿಧಾನವೋ ಗಿಡಕ್ಕೆ ಅಷ್ಟು ಒಳ್ಳೆಯದು. ಆದರೆ ರಾತ್ರಿ ಆರಿಸಬೇಡಿ. ಜಲ್ಲಿಯ ಬ್ಯಾಕ್ಟೀರಿಯಾ ಉಸಿರಾಡುವುದು ಆ ಹರಿವಿನಿಂದ, ಮೇಲಾಗಿ ರಾತ್ರಿ ಗಿಡಗಳೂ ಆಮ್ಲಜನಕ ಬಳಸುತ್ತವೆ. ಕರೆಂಟ್ ಬಿಲ್ಲಿನ ಚಿಂತೆ ಬೇಡ. 4 ವ್ಯಾಟಿನ ಪಂಪ್ ಇಡೀ ತಿಂಗಳು ಓಡಿದರೂ ಮೂರು ಯೂನಿಟ್ ಆಗುವುದಿಲ್ಲ.

ಕರೆಂಟ್ ಅಂದಾಗ ನೆನಪಾಯಿತು. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ನೇತು ಹಾಕಿ, ಇಲ್ಲವೇ ಪೈಪಿನ ನಡುವೆ ನಾನ್ ರಿಟರ್ನ್ ವಾಲ್ವ್ ಹಾಕಿ. ನಾನು ಒಮ್ಮೆ ಪಂಪನ್ನು ಸ್ಟ್ಯಾಂಡಿನ ಕೆಳಗೆ ನೆಲದ ಮೇಲಿಟ್ಟಿದ್ದೆ. ರಾತ್ರಿ ಕರೆಂಟ್ ಹೋಯಿತು. ಬೆಳಗ್ಗೆ ಹಾಲ್‌ಗೆ ಕಾಲಿಟ್ಟರೆ ಪಚಪಚ. ನೀರು ಏರ್ ಪೈಪಿನಲ್ಲೇ ಹಿಂದಕ್ಕೆ ಇಳಿದು, ಪಂಪಿನ ಮೂಲಕ ಸೋರಿ, ಚಾಪೆಯೆಲ್ಲ ನೆನೆದಿತ್ತು. ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ನಾಲ್ಕಾರು ಗಂಟೆ ಕರೆಂಟ್ ಇಲ್ಲದಿದ್ದರೆ ಯುಜಿ ಸುಧಾರಿಸಿಕೊಳ್ಳುತ್ತದೆ. ಅರ್ಧ ದಿನ ದಾಟಿದರೆ ಜಲ್ಲಿಯೊಳಗೆ ಆಮ್ಲಜನಕ ಮುಗಿದು ಅಡಿಯ ನೀರು ಕೆಟ್ಟಿರುತ್ತದೆ. ಕರೆಂಟ್ ಬಂದೊಡನೆ ಪಂಪ್ ಹಾಕಿದರೆ ಆ ನೀರೆಲ್ಲ ಮೀನಿನ ಮೇಲೆ ಬರುತ್ತದೆ. ಅಂಥ ದಿನ ಮೊದಲು ಕೊಳವೆಯಲ್ಲಿ ಪೈಪ್ ಇಳಿಸಿ ಒಂದು ಬಕೆಟ್ ನೀರು ಹೊರಗೆ ಹಾಕಿ, ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಇನ್ನೊಂದು ಬಕೆಟ್ ಹಾಕಿ. ಆಮೇಲೆ ಪಂಪ್.

ಈಗ ಯಾವ ಗಿಡ? ಮೊದಲು ಜಲ್ಲಿಯ ಹಂಗೇ ಇಲ್ಲದವು. ಜಾವಾ ಫರ್ನ್ ಮತ್ತು ಅನುಬಿಯಾಸ್. ಇವಕ್ಕೆ ಶುಂಠಿಯ ಹಾಗೆ ಅಡ್ಡಕ್ಕೆ ಬೆಳೆಯುವ ಗಡ್ಡೆ ಇರುತ್ತದೆ. ಅದನ್ನು ಜಲ್ಲಿಯಲ್ಲಿ ಹೂತರೆ ಕೊಳೆಯುತ್ತದೆ. ತೆಂಗಿನ ಕರಟಕ್ಕೆ ದಾರದಲ್ಲಿ ಕಟ್ಟಿ. ಕರಟವನ್ನು ಮೊದಲು ಕುದಿಸಿ, ನೀರಿಗೆ ಬಣ್ಣ ಬಿಡುವುದು ನಿಲ್ಲುವವರೆಗೆ ನೆನೆಸಿಡಿ. ಎರಡು ತಿಂಗಳಲ್ಲಿ ಬೇರು ಕರಟವನ್ನು ತಬ್ಬುತ್ತದೆ, ದಾರ ಬಿಚ್ಚಬಹುದು. ಕರಟದಲ್ಲಿ ಒಂದು ಬಾಗಿಲು ಕೊರೆದರೆ ಗಪ್ಪಿ ಮರಿಗಳಿಗೆ ಮನೆಯೂ ಆಯಿತು.

ಎರಡನೆಯದು ವ್ಯಾಲ್, ಹೈಡ್ರಿಲ್ಲಾ, ಹಾರ್ನ್‌ವರ್ಟ್. ನಿಮ್ಮ ಬೋರ್‌ವೆಲ್ ನೀರು ಶಾಪ ಅಂದುಕೊಂಡಿದ್ದರೆ ಇಲ್ಲಿ ವರ. ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ ಇರುತ್ತದೆ. ಎಷ್ಟೋ ಗಿಡಗಳಿಗೆ ಇಂಗಾಲ ಬೇಕಾದರೆ ಡೈಆಕ್ಸೈಡೇ ಆಗಬೇಕು. ಆದರೆ ಈ ಮೂರು ಬೈಕಾರ್ಬೊನೇಟಿನಿಂದಲೂ ಇಂಗಾಲ ತೆಗೆದುಕೊಳ್ಳಬಲ್ಲವು. ಗುಳ್ಳೆ ಎಷ್ಟು ಡೈಆಕ್ಸೈಡ್ ಹೊರಹಾಕಿದರೂ ಇವಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಮಲೆನಾಡಿನ ಬಾವಿಯ ಮೆದು ನೀರಿನಲ್ಲಿ ವ್ಯಾಲ್ ಒದ್ದಾಡುವುದನ್ನು ನೋಡಿದ್ದೇನೆ, ಬಯಲುಸೀಮೆಯಲ್ಲಿ ಕಳೆಯ ಹಾಗೆ ಬರುತ್ತದೆ. ನೆಡುವಾಗ ಒಂದು ಎಚ್ಚರ ಬೇಕು. ಬಿಳಿ ಬುಡ ಮತ್ತು ಹಸಿರು ಎಲೆ ಸೇರುವ ಕುತ್ತಿಗೆ ಜಲ್ಲಿಯ ಮೇಲೆಯೇ ಇರಬೇಕು, ಹೂತರೆ ಕೊಳೆಯುತ್ತದೆ. ಹಾರ್ನ್‌ವರ್ಟಿಗೆ ಬೇರೇ ಇಲ್ಲ, ಸುಮ್ನೆ ತೇಲಿಬಿಡಿ. ಹೊಸ ಟ್ಯಾಂಕಿನ ಅಮೋನಿಯಾವನ್ನು ಅದು ನೇರ ಹೀರುತ್ತದೆ, ಮೊದಲ ತಿಂಗಳಿಗೆ ಅದೇ ನಿಮ್ಮ ವಿಮೆ. ಹೈಗ್ರೋಫಿಲಾ, ನೀರುಬ್ರಾಹ್ಮಿ ಕೂಡ ಹಾಕಬಹುದು. ಕೆಂಪು ರೊಟಾಲಾ ಮಾಕ್ರಾಂಡ್ರಾ ನಮ್ಮ ದಕ್ಷಿಣ ಭಾರತದ್ದೇ ಗಿಡ, ಕಣ್ಣಿಗೆ ಹಬ್ಬ. ಆದರೆ ಅದಕ್ಕೆ ಮೆದು ನೀರು ಬೇಕು. ಆಸೆ ಪಡಬೇಡಿ.

ಕೆರೆಯಿಂದ ಅಥವಾ ಗೆಳೆಯರ ಟ್ಯಾಂಕಿನಿಂದ ಗಿಡ ತಂದರೆ ಬಸವನಹುಳು ಜೊತೆಗೆ ಬರುತ್ತದೆ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಪಟಿಕದ ಪುಡಿ ಕರಗಿಸಿ, ಒಂದೆರಡು ಗಂಟೆ ಮುಳುಗಿಸಿಟ್ಟು ಚೆನ್ನಾಗಿ ತೊಳೆಯಿರಿ. ಮೈಲುತುತ್ತ ಹಾಕುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ, ತಾಮ್ರ ಮೀನಿಗೂ ಗಿಡಕ್ಕೂ ಕೇಡು. ಇನ್ನೊಂದು ಮಾತು. ಅಂತರಗಂಗೆಯನ್ನೋ ಹೆಚ್ಚಾದ ಗಿಡವನ್ನೋ ಕೆರೆಗೆ ಎಸೆಯಬೇಡಿ. ನಮ್ಮ ಕೆರೆಗಳು ಈಗಾಗಲೇ ಅನುಭವಿಸುತ್ತಿರುವುದು ಸಾಕು.

ಮೂರನೆಯದು ಬೇರಿನಿಂದಲೇ ಹೆಚ್ಚು ಉಣ್ಣುವ ಗಿಡಗಳು. ಅಮೆಜಾನ್ ಸೋರ್ಡ್, ಕ್ರಿಪ್ಟೋಕೊರೈನ್. ಇವನ್ನು ನೇರ ಜಲ್ಲಿಯಲ್ಲಿ ನೆಟ್ಟರೂ ಬರುತ್ತವೆ. ಗಸಿ ಸೇರಲು ಆರು ತಿಂಗಳು ಬೇಕು, ಅಲ್ಲಿಯವರೆಗೆ ಸೊರಗಿರುತ್ತವೆ. ಅಷ್ಟು ತಾಳ್ಮೆ ಇಲ್ಲದಿದ್ದರೆ ಮೊಸರಿನ ಮಣ್ಣಿನ ಕುಡಿಕೆ ತನ್ನಿ. ತಳದಲ್ಲಿ ತೂತು ಇರಬಾರದು, ಪ್ಲೇಟಿನ ಸೆಳೆತ ಒಳಗೆ ಬರಬಾರದು ಅಂತಲೇ ಕುಡಿಕೆ. ಅರ್ಧದವರೆಗೆ ಗೊಬ್ಬರ ಹಾಕದ ಕೆಮ್ಮಣ್ಣು, ಅದರಲ್ಲಿ ಕಡಲೆ ಗಾತ್ರದ ಜಂಬಿಟ್ಟಿಗೆ (ಕಬ್ಬಿಣದ ಅಂಶವಿರುವ ಕೆಂಪು ಕಲ್ಲು) ಚೂರು ಒಂದು ಹಿಡಿ. ಮೇಲೆ ಜಲ್ಲಿ. ಗಿಡ ನೆಟ್ಟು ಕುಡಿಕೆಯನ್ನು ಜಲ್ಲಿಯಲ್ಲಿ ಕುತ್ತಿಗೆವರೆಗೆ ಹೂಳಿ. ಒಳಗೆ ಹರಿವಿಲ್ಲ, ಆಮ್ಲಜನಕ ಕಮ್ಮಿ. ಹಾಗಾಗಿ ಜಂಬಿಟ್ಟಿಗೆಯ ಕಬ್ಬಿಣ ಕರಗಿ ಬೇರಿಗೆ ಸಿಗುತ್ತದೆ. ಸಗಣಿ ಗೊಬ್ಬರ, ಎರೆಗೊಬ್ಬರ ಬೇಡ, ಮುಚ್ಚಿದ ಕುಡಿಕೆಯಲ್ಲಿ ಕೊಳೆತು ನಾರುತ್ತದೆ.

ಜಂಬಿಟ್ಟಿಗೆಗೆ ಸಾಗರ, ಹೊಸನಗರದ ಕಡೆಯ ನೆಂಟರನ್ನು ಕೇಳಿ. ಕರಾವಳಿಯಲ್ಲಿ ಅದನ್ನೇ ಮುರಕಲ್ಲು ಅಂತಾರೆ. ಜರ್ಮನಿಯ ಅಕ್ವೇರಿಯಂ ಹುಚ್ಚಿನವರು 1980ರ ದಶಕದಲ್ಲಿ ಇದನ್ನೇ "ಲ್ಯಾಟರೈಟ್" ಅಂತ ಡಬ್ಬಿಯಲ್ಲಿ ಕೊಂಡು ಜಲ್ಲಿಗೆ ಬೆರೆಸುತ್ತಿದ್ದರು. ಆ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕನನ್. ಮೈಸೂರು, ಕೆನರಾ, ಮಲಬಾರು ಸುತ್ತಿ ಬರೆದು 1807ರಲ್ಲಿ ಅಚ್ಚು ಹಾಕಿಸಿದ ಪ್ರವಾಸದ ಪುಸ್ತಕದಲ್ಲಿ. ಲ್ಯಾಟಿನ್ನಿನಲ್ಲಿ "ಲೇಟರ್" ಅಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ, ನೋಡಿ.

ಗೊಬ್ಬರದ ವಿಚಾರ ಬೇಗ ಮುಗಿಸುತ್ತೇನೆ. ಮೀನಿರುವ ಯುಜಿ ಟ್ಯಾಂಕಿನಲ್ಲಿ ಸಾರಜನಕ, ರಂಜಕ ಸಾಕಷ್ಟು ಇರುತ್ತವೆ. ಕಮ್ಮಿ ಬೀಳುವುದು ಪೊಟ್ಯಾಶ್ ಮತ್ತು ಕಬ್ಬಿಣ. ಹಳೆಯ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದು ಅಂಚು ಹಳದಿಯಾದರೆ ಪೊಟ್ಯಾಶ್ ಕೊರತೆ. ಹೊಸ ಎಲೆ ಬಿಳಿಚಿಕೊಂಡು ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಪೊಟ್ಯಾಶ್‌ಗೆ ರಸಗೊಬ್ಬರದ ಅಂಗಡಿಯ ಎಸ್‌ಒಪಿ, ಅಂದರೆ ಸಲ್ಫೇಟ್ ಆಫ್ ಪೊಟ್ಯಾಶ್ ಸಾಕು. ನಿಮ್ಮ ಟ್ಯಾಂಕಿನಲ್ಲಿ ಜಲ್ಲಿ ಕಳೆದು ಸುಮಾರು 60 ಲೀಟರ್ ನೀರು ಇರುತ್ತದೆ. ನೀರು ಬದಲಿಸಿದ ದಿನ ಒಂದೂವರೆ ಗ್ರಾಂ ಕರಗಿಸಿ ಹಾಕಿ, ಅಂದರೆ ಕಾಲು ಟೀ ಚಮಚ. ಕಬ್ಬಿಣಕ್ಕೆ ಅನ್ನಭೇದಿ (ಫೆರಸ್ ಸಲ್ಫೇಟ್) ಹಾಕಬೇಡಿ, ಗಡಸು ನೀರಿನಲ್ಲಿ ಬೇಗ ತುಕ್ಕಾಗಿ ತಳ ಸೇರುತ್ತದೆ. ಅಕ್ವೇರಿಯಂ ಅಂಗಡಿಯ ಚಿಲೇಟೆಡ್ ಐರನ್ ದ್ರವವನ್ನು ಬಾಟಲಿಯ ಮೇಲೆ ಬರೆದದ್ದರ ಅರ್ಧದಷ್ಟು ಹಾಕಿ. ಯೂರಿಯಾ, ಡಿಎಪಿ ಹತ್ತಿರವೂ ತರಬೇಡಿ. ಅವುಗಳಿಂದ ಅಮೋನಿಯಾ ಬರುತ್ತದೆ, ಗಡಸು ನೀರು ಸಾಮಾನ್ಯವಾಗಿ ಕ್ಷಾರೀಯ, ಕ್ಷಾರೀಯ ನೀರಿನಲ್ಲಿ ಅದು ಇನ್ನಷ್ಟು ವಿಷ. ಮನೆಗೆ ಉಪ್ಪು ಹಾಕುವ ವಾಟರ್ ಸಾಫ್ಟನರ್ ಹಾಕಿಸಿದ್ದರೆ ಆ ನೀರು ಬೇಡ, ನೇರ ಬೋರ್‌ವೆಲ್ ನೀರೇ ಇರಲಿ.

ಬೆಳಕಿಗೆ ಎರಡಡಿಯ 10 ವ್ಯಾಟ್ ಬಿಳಿ ಎಲ್‌ಇಡಿ ಟ್ಯೂಬ್, ದಿನಕ್ಕೆ ಏಳೆಂಟು ಗಂಟೆ. ಕಿಟಕಿಯ ಬಿಸಿಲು ನೇರ ಬೀಳುವ ಜಾಗ ಬೇಡ, ಪಾಚಿ ಕಟ್ಟುತ್ತದೆ.

ಅಂಗಡಿಯವರ ಮಾತು ಕೇಳಬೇಕಾದ ಸಂದರ್ಭವೂ ಒಂದಿದೆ. ನಿಮ್ಮ ಮಗಳು ನೋಡಿರುವ ವಿಡಿಯೋಗಳಲ್ಲಿ ಇರುವಂಥ ಹಸಿರು ಹುಲ್ಲುಹಾಸು, ಕೆಂಪು ಗಿಡಗಳ ಪೊದೆ ಬೇಕಾದರೆ ಯುಜಿ ಸರಿಯಲ್ಲ. ಅದಕ್ಕೆ ಸಣ್ಣ ಕಾಳಿನ ಮಣ್ಣು, ನಿಜವಾಗಿಯೂ ಸಿಲಿಂಡರ್ ಬೇಕು. ಇವತ್ತು ಹೊಸದಾಗಿ ಟ್ಯಾಂಕ್ ಜೋಡಿಸುವವರು ಕೇಳಿದರೆ ನಾನೂ ಯುಜಿ ತಗೊಳ್ಳಿ ಅನ್ನುವುದಿಲ್ಲ. ಸ್ಪಂಜ್ ಫಿಲ್ಟರ್, ತಳಕ್ಕೆ ಒಂದಿಂಚು ಮಣ್ಣು, ಮೇಲೆ ಜಲ್ಲಿ, ಇದು ಸುಲಭ. ಆದರೆ ಇರುವ ಪ್ಲೇಟನ್ನು ಕಿತ್ತೆಸೆಯಲು ಅದು ಕಾರಣ ಅಲ್ಲ. ನಿಮ್ಮದು ಚಿಕ್ಕ ಚಿಕ್ಕ ಚೌಕ ಜೋಡಿಸುವ ಪ್ಲೇಟ್ ಆಗಿದ್ದರೆ, ಹೊಸ ಜಲ್ಲಿ ಹಾಕುವ ದಿನ ಒಂದು ತುದಿಯ ನಾಲ್ಕು ಚೌಕ ತೆಗೆದುಬಿಡಬಹುದು. ಹರಿವೆಲ್ಲ ಪ್ಲೇಟ್ ಇರುವ ಕಡೆಗೇ ಹೋಗುತ್ತದೆ. ಬರಿ ತಳ ಇರುವ ತುದಿಯಲ್ಲಿ ಸೋರ್ಡ್ ನೆಡಿ, ಕುಡಿಕೆಯೂ ಬೇಡ.

ಕೊನೆಗೆ, ನೆಟ್ಟ ಮೇಲೆ ಏನಾಗುತ್ತದೆ ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗಾಬರಿಯಾಗುತ್ತೀರಿ. ಮೊದಲ ವಾರ ಏನೂ ಆಗಲ್ಲ. ಎರಡನೇ ವಾರ ವ್ಯಾಲಿನ ಹಳೆಯ ಎಲೆ ಗಾಜಿನ ಹಾಗೆ ಪಾರದರ್ಶಕವಾಗಿ ಕರಗುತ್ತದೆ. ಕ್ರಿಪ್ಟೋಕೊರೈನ್ ಆದರೆ ಇಡೀ ಗಿಡವೇ ರಾತ್ರೋರಾತ್ರಿ ಲೋಳೆಯಾಗಬಹುದು. ಸತ್ತಿತು ಅಂತ ಕೀಳಬೇಡಿ. ಲೋಳೆ ಎಲೆ ಕತ್ತರಿಸಿ ತೆಗೆದು ಬುಡ ಬಿಟ್ಟುಬಿಡಿ, ಬೇರು ಜೀವಂತ ಇರುತ್ತದೆ. ಐದಾರನೇ ವಾರಕ್ಕೆ ಬುಡದಿಂದ ಬೆಂಕಿಕಡ್ಡಿಯಷ್ಟು ಹೊಸ ಎಲೆ ಏಳುತ್ತದೆ. ವ್ಯಾಲ್ ಜಲ್ಲಿಯ ಮೇಲೆ ಬಳ್ಳಿ ಓಡಿಸಿ ಗೇಣಿಗೊಂದು ಮರಿ ಇಡುತ್ತಾ ಹೋಗುತ್ತದೆ. ಮರಿ ಎಷ್ಟಾದವು ಅಂತ ಎಣಿಸುವ ಕೆಲಸ ಮಗಳಿಗೆ ಕೊಡಿ, ಕಲ್ಲು ತೊಳೆಯುವ ಬಕೆಟ್ ಮಾತ್ರ ಅಟ್ಟದ ಮೇಲಿರಲಿ.